ಪರದೆ ಬೆಳಗುವಷ್ಟರಲ್ಲಿ

ಹೊಸ ಡಿಸ್‌ಪ್ಲೇಗೆ ಎಂಟು ಸಾವಿರ, ಹಾಕುವ ಕೂಲಿ ಬೇರೆ ಎಂದಿದ್ದರು ವಿಜಯನಗರದ ಅಂಗಡಿಯಲ್ಲಿ. ಧ್ರುವ ದಾನಮ್ಮನ ಲ್ಯಾಪ್‌ಟಾಪ್ ತೆರೆದು, ಪರದೆ ತಡವಾಗಿ ಬೆಳಗುವುದನ್ನು ನೋಡಿ ನಕ್ಕ. ಪರದೆಯನ್ನು ನಡೆಸುವ ತಂತ್ರಾಂಶ, ಅಂದರೆ ಗ್ರಾಫಿಕ್ಸ್ ಡ್ರೈವರ್, ತಿದ್ದುವುದೇ ಅವನ ನೌಕರಿ.

"ಡಿಸ್‌ಪ್ಲೇ ಚೆನ್ನಾಗೇ ಇದೆ ಕಣ್ರೀ. ಡ್ರೈವರ್‌ದೇ ತಪ್ಪು. ಪರದೆಗೆ ಕರೆಂಟ್ ಕೊಡೋ ಮುಂಚೆ ಸುಮ್ನೆ ಕಾಯ್ತಾ ಕೂರುತ್ತೆ."

"ನಿಮ್ಹಂಗ," ಎಂದಳು ದಾನಮ್ಮ. "ಎದುರು ಪಿ.ಜಿ.ಯಾಗ ಇದ್ರೂ ನನ್ನ ಮಾತಾಡ್ಸಾಕ ಆರು ತಿಂಗಳು ತಗೊಂಡ್ರಿ."

ಅವನ ಕಿವಿ ಕೆಂಪಾಯಿತು.

ಗದಗದ ದಾನಮ್ಮ ಬಸವೇಶ್ವರನಗರದಲ್ಲಿದ್ದು ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುತ್ತಿದ್ದಳು. ಸೋಮವಾರ ರಾಜಾಜಿನಗರದ ಕಂಪನಿಯೊಂದರಲ್ಲಿ ತನ್ನ ಲ್ಯಾಪ್‌ಟಾಪಿನಲ್ಲೇ ಕೆಲಸ ತೋರಿಸಬೇಕಿತ್ತು.

"ಕೆಲ್ಸ ಸಿಕ್ಕರ ಇಲ್ಲೇ ಇರ್ತೀನ್ರಿ. ಇಲ್ಲಂದ್ರ ಅಪ್ಪ ಊರಾಗ ಗಂಡು ನೋಡ್ಯಾರ."

ಇಲ್ಲೇ ಇರಿ ಅನ್ನಬೇಕೆಂದು ಬಾಯಿ ತೆರೆದ ಧ್ರುವ, "ಅಷ್ಟರೊಳಗೆ ರೆಡಿ ಮಾಡ್ಕೊಡ್ತೀನಿ" ಎಂದ.

ಡ್ರೈವರ್‌ನಲ್ಲಿ ಕಾಯಲು ಹೇಳುವ ಆ ಒಂದು ಸಾಲನ್ನೇ ಅವನು ತೆಗೆದುಹಾಕಿದ. ಪರೀಕ್ಷಿಸಲು ಲ್ಯಾಪ್‌ಟಾಪ್ ಮುಚ್ಚಿದರು, ಕಾಫಿ ಕುಡಿದರು, ಹರಟಿದರು, ತೆರೆದರು. ಕಣ್ಣು ಮಿಟುಕಿಸುವುದರೊಳಗೆ ಬೆಳಕು. ಮತ್ತೆ ಮುಚ್ಚಿದರು, ಮತ್ತೆ ಮಾತು.

"ಪರದೆ ಈ ಕಡೆ ಇದೆ, ದಾನಮ್ಮ."

"ಗೊತ್ತೈತ್ರಿ," ಎಂದವಳು ಅವನ ಮುಖವನ್ನೇ ನೋಡುತ್ತಿದ್ದಳು.

ಸೋಮವಾರ ಕಂಪನಿಯವರು ಆ ಮೇಜಿಗೆ ಬನ್ನಿ ಎಂದರು. ದಾನಮ್ಮ ಲ್ಯಾಪ್‌ಟಾಪ್ ಮುಚ್ಚಿ, ಪಕ್ಕಕ್ಕೆ ಸರಿದು, ಕೂಡಲೇ ತೆರೆದಳು. ಪರದೆ ಬೆಳ್ಳಗಾಗಿ ಹಾಗೇ ನಿಂತುಬಿಟ್ಟಿತು. ಗಡಿಬಿಡಿಯಲ್ಲಿ ತಕ್ಷಣ ಆಫ್ ಮಾಡಿ ಆನ್ ಮಾಡಿದರೂ ಚಿತ್ರ ಬರಲಿಲ್ಲ. ಅವರು ಸ್ವಲ್ಪ ಹೊತ್ತು ನೋಡಿ ಮುಂದಿನವರನ್ನು ಕರೆದರು.

ಆರಿದ ಪರದೆಯಿಂದ ಕರೆಂಟ್ ಪೂರ್ತಿ ಇಳಿಯಲು ಕೆಲವು ಕ್ಷಣ ಬೇಕು; ಅದಕ್ಕೆ ಮೊದಲೇ ಮತ್ತೆ ಕರೆಂಟ್ ಕೊಟ್ಟರೆ ಪರದೆ ಹಾಗೇ ನಿಂತುಬಿಡುತ್ತದೆ. ಕಾಯುವ ಸಾಲು ಇದ್ದದ್ದು ಅದಕ್ಕೇ. ಅದನ್ನು ಯಾಕೆ ಬರೆದಿದ್ದಾರೆಂದು ಧ್ರುವ ವಿಚಾರಿಸಿರಲಿಲ್ಲ. ಅವರಿಬ್ಬರ ಮಾತು ಮುಗಿಯುವಷ್ಟರಲ್ಲಿ ಕರೆಂಟ್ ಪ್ರತಿ ಸಲವೂ ಇಳಿದಿರುತ್ತಿತ್ತು. ಮುಚ್ಚಿದ ತಕ್ಷಣ ತೆರೆದು ನೋಡಿದ್ದೇ ಇಲ್ಲ.

ಅವನು ಮತ್ತೆ ಕೂತು ತಿದ್ದಿದ. ಪರದೆ ಆರಿದ ಹೊತ್ತನ್ನು ನೆನಪಿಟ್ಟುಕೊಂಡು, ಇನ್ನೆಷ್ಟು ಉಳಿದಿದೆಯೋ ಅಷ್ಟೇ ಕಾಯುವಂತೆ ಡ್ರೈವರ್ ಬರೆದ. ಮರುದಿನ ಹೇಳಲು ಓಡಿದಾಗ ಅವಳು ನವರಂಗ್ ಚಿತ್ರಮಂದಿರದ ಬಳಿ ಗದಗದ ಬಸ್ಸಿಗೆ ನಿಂತಿದ್ದಳು.

"ಹೋಗ್ಬೇಡಿ. ಕೆಲ್ಸ ಇಲ್ದಿದ್ರೆ ಏನಾಯ್ತು? ನನಗೋಸ್ಕರ ಇರಿ."

ಅವಳು ಬ್ಯಾಗಿನ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡಳು. "ಈ ಮಾತು ಮೊನ್ನೆ ಕಾಫಿ ಕುಡಿಯೋವಾಗ ಅಂದಿದ್ರ ಅಪ್ಪಗ ಹೇಳ್ತಿದ್ದೆ. ನಿನ್ನೆ ಕೇಳಿದ್ರು, ಹೂಂ ಅಂದ್ಬಿಟ್ಟೇನ್ರಿ. ಅವ್ರು ಗಂಡಿನ ಮನಿಯವ್ರಿಗೆ ಮಾತು ಕೊಟ್ಟಾರ."

"ಸಿಟ್ಟಾ ನನ್ನ ಮೇಲೆ?"

"ಸಿಟ್ಟಿದ್ರ ಭಾಳ ಚಲೋ ಇತ್ತು."

ಬಸ್ಸು ಬಂತು. ಅವಳು ಹತ್ತಿದಳು.

ಡ್ರೈವರ್ ಸರಿಯಾಯಿತು. ಆ ಮಾದರಿಯ ಲ್ಯಾಪ್‌ಟಾಪ್ ಇರುವವರಿಗೆಲ್ಲ ಈಗ ಪರದೆ ತಡವಿಲ್ಲದೆ ಬೆಳಗುತ್ತದೆ. ದಾನಮ್ಮನಿಗೆ ಕೆಲಸ ಸಿಗಲಿಲ್ಲ. ಧ್ರುವನಿಗೆ ದಾನಮ್ಮ ಸಿಗಲಿಲ್ಲ.