ಸರದಿಯ ಲೋಟ

ನೆಲಿದಾಳಿಗೆ ಊಟಕ್ಕೆ ಜೊತೆ ಕೂರುವವರು ಯಾರೂ ಇರಲಿಲ್ಲ.

ಇದ್ದ ಒಬ್ಬಳೇ ಅಕ್ಕ ಗಂಡನೊಂದಿಗೆ ಚಿಲಿಗೆ ಹೋಗಿ ಎರಡು ವರ್ಷವಾಗಿತ್ತು. ಬೇಕರಿಯ ಕೆಲಸ ಬೆಳಗಿನ ಐದಕ್ಕೆ ಶುರುವಾಗಿ ಮಧ್ಯಾಹ್ನ ಒಂದಕ್ಕೆ ಮುಗಿಯುತ್ತಿತ್ತು. ಬಾಡಿಗೆ ಕೋಣೆಗೆ ಹೋಗಿ ಒಬ್ಬಳಿಗಾಗಿ ಒಲೆ ಹಚ್ಚಲು ಮನಸ್ಸಾಗುತ್ತಿರಲಿಲ್ಲ. ಹಾಗಾಗಿ ಲಿಮಾದ ಮಗ್ದಲೇನಾ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿದ್ದ ದೊನ್ಯಾ ಎರ್ಮಿನಿಯಾಳ ಹೋಟೆಲಿಗೆ ದಿನವೂ ಬರುತ್ತಿದ್ದಳು. ಅಲ್ಲಿ ಆರು ಮೇಜು, ಒಂದು ದೊಡ್ಡ ಕಿಟಕಿ. ಬಾಗಿಲ ಪಕ್ಕದ ಕರಿಹಲಗೆಯ ಮೇಲೆ ಆ ದಿನದ ಅಡುಗೆ.

ಜುಲೈ ತಿಂಗಳ, ಅಂದರೆ ಅಲ್ಲಿನ ನಡುಚಳಿಗಾಲದ, ಒಂದು ಮಂಗಳವಾರ ಆರೂ ಮೇಜು ತುಂಬಿದ್ದವು.

"ಬಾ ಬಾ, ರಾಣಿ! ಆ ಸಣಕಲನ ಎದುರು ಒಂದು ಕುರ್ಚಿ ಖಾಲಿ ಇದೆ. ಕೂತ್ಕೋ, ಕಚ್ಚಲ್ಲ ಅವನು," ಎಂದಳು ಎರ್ಮಿನಿಯಾ. ಗಿರಾಕಿ ಹೆಂಗಸರೆಲ್ಲರೂ ಅವಳಿಗೆ ರಾಣಿಯರೇ; ಅವಳು ಎಲ್ಲರಿಗೂ ದೊನ್ಯಾ, ಅಂದರೆ ಅಮ್ಮಾವ್ರು.

ಕಿಟಕಿ ಹಾರುಹೊಡೆದಂತೆ ತೆರೆದಿತ್ತು. ಸಮುದ್ರದಿಂದೆದ್ದ ಮಂಜು ಬೀದಿ ದಾಟಿ ಒಳಗೆ ಬಂದು ಸೂಪಿನ ಹಬೆಯಲ್ಲಿ ಬೆರೆಯುತ್ತಿತ್ತು. ಮೇಜಿನ ಆಚೆ ಕೂತಿದ್ದವನು ಮುಖವನ್ನು ಹೊರಗೆ ತಿರುಗಿಸಿಕೊಂಡೇ ಊಟ ಮಾಡುತ್ತಿದ್ದ.

"ಸ್ವಲ್ಪ ಕಿಟಕಿ ಮುಚ್ತೀರಾ?"

"ಇಲ್ಲ."

ಅಷ್ಟೇ! ಒಂದು ಕ್ಷಮೆಯಿಲ್ಲ, ಒಂದು ನಗುವಿಲ್ಲ.

ನೆಲಿದಾ ಎದ್ದು ಕಿಟಕಿ ಮುಚ್ಚಿದಳು. ಅವನು ಎದ್ದು ತೆರೆದ. ಅವಳು ಮತ್ತೆ ಮುಚ್ಚಿದಳು. ಅವನು ಮತ್ತೆ ತೆರೆದ.

"ನೋಡ್ರಪ್ಪಾ, ಮದುವೆಗೆ ಮುಂಚೇನೇ ಶುರುವಾಯ್ತು ಇವರದ್ದು!" ಪಕ್ಕದ ಮೇಜಿನಿಂದ ಕ್ಷೌರಿಕ ತಿಯೋಫಿಲೊ ಕೂಗಿದ. ಇಡೀ ಹೋಟೆಲು ನಕ್ಕಿತು.

ಎಷ್ಟು ಕೊಬ್ಬು ಈ ಮನುಷ್ಯನಿಗೆ... ಅವಳು ಶಾಲನ್ನು ಬಿಗಿಯಾಗಿ ಹೊದ್ದುಕೊಂಡಳು.

ಆಗ ಅವನು ಎದ್ದು, ತನ್ನ ಕುರ್ಚಿಯನ್ನು ಕಿಟಕಿಗೆ ಅಡ್ಡವಾಗಿ ಎಳೆದು, ಗಾಳಿಗೆ ಬೆನ್ನು ಕೊಟ್ಟು ಕೂತ. ಅವನ ಬೆನ್ನು ಅಗಲವೇನೂ ಇರಲಿಲ್ಲ. ಆದರೂ ಅವಳಿಗೆ ಗಾಳಿ ತಾಗುವುದು ನಿಂತಿತು.

ಊಟ ಮುಗಿಸಿ ಚೀಲದಿಂದ ತನ್ನದೇ ತಗಡಿನ ಲೋಟ ತೆಗೆದು ನೀರು ಕುಡಿದ. ಹೊರಡುವಾಗ ಮೊದಲ ಬಾರಿಗೆ ಅವಳನ್ನು ನೇರವಾಗಿ ನೋಡಿದ.

"ಊಟ ಮೈಗೆ ಹತ್ತಲಿ," ಎಂದ.

ಅದು ಅಲ್ಲಿ ಎಲ್ಲರೂ ಎಲ್ಲರಿಗೂ ಹೇಳುವ ಮಾತು. ಆದರೆ ಆ ದಿನ ಅವಳ ತಟ್ಟೆಯ ಅನ್ನ ಬಹಳ ಹೊತ್ತು ಹಾಗೇ ಉಳಿಯಿತು.

*

ಅವನ ಹೆಸರು ಪೆರ್ಸಿ. ಮಿನಿಬಸ್ಸಿನಲ್ಲಿ ಕಂಡಕ್ಟರಾಗಿದ್ದ. ಈಗ "ಸ್ವಲ್ಪ ದಿನ ವಿರಾಮ". ಮನೆ ಊರಿನ ಆಚೆ ತುದಿಯ ಗುಡ್ಡದಲ್ಲಿ, ಎರಡು ಗಂಟೆಯ ದಾರಿ. ಇಷ್ಟು ದೂರ ಯಾಕೆ ಬರುತ್ತೀರಿ ಎಂದರೆ, "ಇಲ್ಲೊಂದು ಕೆಲಸ ಇದೆ," ಎನ್ನುತ್ತಿದ್ದ.

ದಿನವೂ ಒಂದೂ ಹತ್ತಕ್ಕೆ ಅದೇ ಮೇಜು. ಎರ್ಮಿನಿಯಾ ಕೇಳದೆಯೇ ಎರಡು ತಟ್ಟೆ ತಂದಿಡುತ್ತಿದ್ದಳು. ಮೀನಿದ್ದ ದಿನ, ನಿಂಬೆಹುಳಿ ಖಾರದಲ್ಲಿ ನೆನೆದ ಮೀನಿನ ರಸವನ್ನು ಕೊಸರು ಎಂದು ಒಂದೊಂದು ಬಟ್ಟಲು. 'ನೀವು' ಹೋಗಿ 'ನೀನು' ಯಾವಾಗ ಬಂತೋ ಇಬ್ಬರಿಗೂ ತಿಳಿಯಲಿಲ್ಲ.

"ಬಸ್ಸಲ್ಲಿ ಹೇಗೆ ಕೂಗ್ತಿದ್ದೆ? ಒಂದ್ಸಲ ಕೂಗು."

"ಇಲ್ಲೇನಾ? ಎಲ್ಲಾ ಎದ್ದು ಬಸ್ ಹತ್ತಕ್ಕೆ ಹೋಗ್ತಾರೆ!"

"ಮೆಲ್ಲಗೆ ಕೂಗು. ನನಗೆ ಮಾತ್ರ."

ಅವನು ಮುಂದಕ್ಕೆ ಬಾಗಿ, ಜೋಗುಳದ ಹಾಗೆ ಪಿಸುಗುಟ್ಟಿದ. "ಬ್ರಸಿಲ್ ರೋಡು, ಬ್ರಸಿಲ್ ರೋಡು, ಪೂರ್ತಿ ಬ್ರಸಿಲ್ ರೋಡು... ಹತ್ತಿ, ಹತ್ತಿ, ಸೀಟಿದೆ, ಸೀಟಿದೆ..."

ಬೀದಿಯಲ್ಲಿ ಮಂಜು ತುಂಬಿತ್ತು. ಎದುರಿನ ಮನೆಗಳು ಇದ್ದವೋ ಇಲ್ಲವೋ ಎನ್ನುವಂತೆ ಮಸುಕಾಗಿದ್ದವು. ಅವನ ದನಿಯಲ್ಲಿ ಆ ಖಾಲಿ ಬಸ್ಸು ಮಂಜಿನೊಳಗೆ ತೇಲಿಹೋಗುತ್ತಿತ್ತು. ಅದರಲ್ಲಿ ಅವಳೊಬ್ಬಳೇ ಪ್ರಯಾಣಿಕಳು... ಯಾವ ಸ್ಟಾಪಿನಲ್ಲೂ ಇಳಿಯಬೇಕಾಗಿರಲಿಲ್ಲ.

ಅವನಿಗೆ ಕೆಮ್ಮು ಬಂತು. ತಟ್ಟನೆ ಕಿಟಕಿಯತ್ತ ತಿರುಗಿ ತೋಳಿನಲ್ಲಿ ಬಾಯಿ ಮುಚ್ಚಿಕೊಂಡ.

"ಚಳಿಗಾಲ," ಎಂದ.

ಅವಳು ನಂಬಿದಳು. ಲಿಮಾದ ಚಳಿಗಾಲದಲ್ಲಿ ಕೆಮ್ಮದವರು ಯಾರು?

ಸೆಪ್ಟೆಂಬರ್ ಹೊತ್ತಿಗೆ ಅವನು ದಿನವೂ ಬರುವುದು ನಿಂತಿತು. ಸೋಮವಾರ, ಬುಧವಾರ, ಶುಕ್ರವಾರ ಮಾತ್ರ.

"ಕಂಡಕ್ಟರು ಕಣೇ ಮಗಳೇ! ಪ್ರತಿ ಸ್ಟಾಪಿಗೂ ಒಬ್ಬಳು ಇರ್ತಾಳೆ," ಎಂದು ತಿಯೋಫಿಲೊ ಹಲ್ಲು ಕಿಸಿದ.

"ನಿಮ್ಮ ಕತ್ತರಿಗಿಂತ ನಿಮ್ಮ ನಾಲಿಗೆ ಚೂಪು, ದೊನ್ ತಿಯೋಫಿಲೊ," ಎಂದು ಅವಳೇನೋ ನಕ್ಕಳು. ಆದರೆ ಮುಳ್ಳು ಒಳಗೆ ಹೋಗಿತ್ತು.

ಸೋಮ, ಬುಧ, ಶುಕ್ರ ನನಗೆ. ಮಂಗಳ, ಗುರು, ಶನಿ ಯಾರಿಗೆ?

ಒಂದು ದಿನ ಕೇಳಿಯೇಬಿಟ್ಟಳು. ಅವನು ತಟ್ಟೆ ನೋಡಿಕೊಂಡು, "ಕೆಲಸ ಇರುತ್ತೆ," ಎಂದ. ಅವನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಅದೇ ಅವಳನ್ನು ಹೆಚ್ಚು ಹೆದರಿಸಿತು.

*

ನವೆಂಬರಿನ ಒಂದು ಶುಕ್ರವಾರ ನೆಲಿದಾಳಿಗೆ ಮೂವತ್ತು ತುಂಬಿತು. ಎರ್ಮಿನಿಯಾ ಎರಡು ಮೇಜು ಜೋಡಿಸಿದಳು. ತಿಯೋಫಿಲೊ ಬಿಯರ್ ತರಿಸಿದ.

ಅಲ್ಲಿ ಬಿಯರಿಗೆ ಬಾಟಲಿ ಒಂದು, ಲೋಟವೂ ಒಂದೇ. ಸುರಿದುಕೊಂಡವರು ಬಾಟಲಿಯನ್ನು ಪಕ್ಕಕ್ಕೆ ಕೊಟ್ಟು, ಕುಡಿದು, ತಳದ ನೊರೆಯನ್ನು ನೆಲಕ್ಕೆ ಕೊಡವಿ, ಅದೇ ಲೋಟವನ್ನು ಮುಂದಿನವರಿಗೆ ದಾಟಿಸಬೇಕು. ಲೋಟ ಕೈಗೆ ಬಂದರೆ ನೀನು ನಮ್ಮವನು ಎಂದರ್ಥ. ಹಾಗೆಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಲೋಟ ಎರ್ಮಿನಿಯಾಳಿಂದ ತಿಯೋಫಿಲೊನಿಗೆ, ಅವನಿಂದ ನೆಲಿದಾಳಿಗೆ ಬಂತು. ಅವಳು ಕುಡಿದಳು. ನೊರೆ ಕೊಡವಿದಳು. ಎಲ್ಲರೂ ನೋಡುತ್ತಿರುವಂತೆ ಲೋಟವನ್ನು ಪೆರ್ಸಿಯ ಮುಂದೆ ಹಿಡಿದಳು.

ಅವನು ಮುಟ್ಟಲಿಲ್ಲ.

"ತಗೋಳಯ್ಯಾ ಸಣಕಲಾ, ಬಿಸಿಯಾಗುತ್ತೆ!" ಎಂದ ತಿಯೋಫಿಲೊ.

"ನಾನು... ಇದರಲ್ಲಿ ಕುಡಿಯಲ್ಲ."

"ಬಿಯರ್ ಬೇಡ್ವಾ?" ನೆಲಿದಾ ಮೆಲ್ಲಗೆ ಕೇಳಿದಳು. "ತುಟಿಗೆ ಮುಟ್ಟಿಸಿ ಕೊಡು, ಸಾಕು. ನನ್ನ ಹುಟ್ಟಿದಹಬ್ಬ."

"ಈ ಲೋಟ ಬೇಡ, ನೆಲಿದಾ."

ಬೀದಿಯಲ್ಲಿ ಹಣ್ಣಿನ ಗಾಡಿಯವನು ಕೂಗಿಕೊಂಡು ಹೋಗುವುದು ಕೇಳಿಸಿತು.

"ಓಹ್... ನನ್ನ ಎಂಜಲು ಅಂದ್ರೆ ಅಸಹ್ಯ ಅಲ್ವಾ ನಿಂಗೆ?" ಅವಳು ಲೋಟವನ್ನು ಮೇಜಿಗೆ ಕುಕ್ಕಿದಳು. "ನಾಲ್ಕು ತಿಂಗಳಿಂದ ನೋಡ್ತಿದೀನಿ. ನಿಂದೇ ಲೋಟ, ನಿಂದೇ ಗಾಳಿ, ನಿಂದೇ ಕಿಟಕಿ! ನಮ್ಮ ಜೊತೆ ಕೂತು ತಿನ್ನೋದೇ ದೊಡ್ಡ ಉಪಕಾರ, ಅಲ್ವಾ? ಹೋಗು. ಮಂಗಳವಾರದವಳ ಹತ್ರ ಹೋಗು!"

ಅವನು ಏನೋ ಹೇಳಲು ಬಾಯಿ ತೆರೆದ. ಸುತ್ತ ಇದ್ದ ಮುಖಗಳನ್ನು ನೋಡಿ ಮುಚ್ಚಿದ. ಚೀಲ ಎತ್ತಿಕೊಂಡು ಹೊರಟುಹೋದ.

ಸೋಮವಾರ ಬರಲಿಲ್ಲ. ಬುಧವಾರವೂ ಇಲ್ಲ. ಎರ್ಮಿನಿಯಾ ಎರಡನೆಯ ತಟ್ಟೆ ತರುವುದನ್ನು ನಿಲ್ಲಿಸಿದಳು. ಕುರ್ಚಿಯನ್ನೂ ಬೇರೆ ಮೇಜಿಗೆ ಎಳೆದುಕೊಂಡಳು. ಹೋಟೆಲಿಗೆ ಕುರ್ಚಿ ಬೇಕಲ್ಲ.

ಹೋದ್ರೆ ಹೋಗ್ಲಿ... ಎಂದು ನೆಲಿದಾ ದಿನಕ್ಕೆ ನೂರು ಸಲ ಅಂದುಕೊಂಡಳು. ಆದರೆ ಮಿನಿಬಸ್ಸು ಹಾದುಹೋದಾಗಲೆಲ್ಲ, ಬಾಗಿಲಲ್ಲಿ ಜೋತಾಡುವ ಕಂಡಕ್ಟರನ ಮುಖ ನೋಡದೆ ಇರಲು ಅವಳಿಂದ ಆಗುತ್ತಿರಲಿಲ್ಲ.

*

ಬೇಕರಿಯಲ್ಲಿ ಕೆಲಸ ಮಾಡುವವರು ವರ್ಷಕ್ಕೊಮ್ಮೆ ಆರೋಗ್ಯದ ಕಾರ್ಡು ಮಾಡಿಸಬೇಕು. ಡಿಸೆಂಬರಿನ ಒಂದು ಸೋಮವಾರ ನೆಲಿದಾ ರಜೆ ಹಾಕಿ ಮಾರುಕಟ್ಟೆ ಹತ್ತಿರದ ಆರೋಗ್ಯ ಕೇಂದ್ರದ ಸಾಲಿನಲ್ಲಿ ನಿಂತಿದ್ದಳು. ಬೇಸಿಗೆಯ ಬಿಸಿಲು ಬರಲು ಶುರುವಾಗಿತ್ತು.

ಅಂಗಳದ ಹಿಂದಿನ ಮೂಲೆಯಲ್ಲಿ ಒಂಟಿ ಕೋಣೆಯೊಂದಿತ್ತು. ಅದರ ಕಿಟಕಿಗಳೆಲ್ಲ ತೆರೆದಿದ್ದವು. ಸಾಲಿನ ಜನ ಆ ಕಡೆಗೆ ಹೋಗದಂತೆ ಬಳಸಿಕೊಂಡು ನಿಂತಿದ್ದರು. ಬಾಗಿಲ ಮೇಲೆ 'ಕ್ಷಯ ವಿಭಾಗ' ಎಂಬ ಬೋರ್ಡು.

ಕಿಟಕಿಯಾಚೆ ಒಂದು ಸಣಕಲು ಬೆನ್ನು.

ಅವಳು ಸಾಲಿನಿಂದ ಬಾಗಿ ನೋಡಿದಳು.

ಪೆರ್ಸಿ ಅಂಗೈಯಲ್ಲಿದ್ದ ಮಾತ್ರೆಗಳನ್ನು ಬಾಯಿಗೆ ಹಾಕಿಕೊಂಡು ತನ್ನ ತಗಡಿನ ಲೋಟದಿಂದ ನೀರು ಕುಡಿದ.

"ಬಾಯಿ ತೆಗಿ," ಎಂದಳು ನರ್ಸು. "ನಾಲಿಗೆ ಎತ್ತು. ಹ್ಞೂಂ, ನುಂಗಿದೀಯ. ಇನ್ನು ಬುಧವಾರ, ಶುಕ್ರವಾರ, ಅಲ್ಲಿಗೆ ನನ್ನ ಕಾಟ ಮುಗೀತು ನಿಂಗೆ."

ಸೋಮ, ಬುಧ, ಶುಕ್ರ... ದೇವರೇ!

ಅವನು ತಿರುಗಿದ. ನೋಡಿದ. ಮೊದಲು ಮುಖ ಮುಚ್ಚಿಕೊಳ್ಳುವಂತೆ ಕೈ ಎತ್ತಿದ. ಆಮೇಲೆ ಕೈ ಇಳಿಸಿದ. ಅವಳು ಸಾಲು ಬಿಟ್ಟು ನೇರವಾಗಿ ಆ ಕೋಣೆಯ ಬಾಗಿಲಿಗೆ ನಡೆದಳು.

"ಹೇಳಬಹುದಿತ್ತು ನಂಗೆ."

"ಹೇಳಿದ್ರೆ?"

"ಹೇಳಿದ್ರೆ ಗೊತ್ತಾಗ್ತಿತ್ತು!"

"ತಂಗಿಗೆ ಹೇಳಿದೆ. ನನ್ನ ತಟ್ಟೆಗೆ ಕೆಂಪು ಬಣ್ಣದ ಗುರುತು ಹಾಕಿದ್ಲು. ಬಸ್ಸಿನ ಯಜಮಾನನಿಗೆ ಹೇಳಿದೆ. ಅವತ್ತೇ ಕೆಲಸ ಹೋಯ್ತು. ಅದಕ್ಕೇ ನನ್ನ ಗುರುತು ಯಾರಿಗೂ ಇಲ್ಲದ ಕಡೆ ಅಂತ, ಈ ಕಡೆ ಇರೋ ಚಿಕ್ಕಮ್ಮನ ವಿಳಾಸ ಕೊಟ್ಟು ಔಷಧಿಗೆ ಇಲ್ಲಿಗೆ ಬಂದೆ." ಅವನು ತಗಡಿನ ಲೋಟವನ್ನು ಚೀಲಕ್ಕೆ ಹಾಕಿದ. "ನೀನು ಆ ಲೋಟ ಹಿಡಿದಾಗ, ನಿಂಗೆ ಎಲ್ಲಿ ತಗುಲುತ್ತೋ ಅಂತ... ಬೇರೆ ಏನೂ ಇಲ್ಲ, ನೆಲಿದಾ. ಮಂಗಳವಾರದವಳು ಯಾರೂ ಇಲ್ಲ."

ನರ್ಸು ತಲೆ ಎತ್ತದೆ ಏನೋ ಬರೆಯುತ್ತಲೇ, "ಇವನಿಗೆ ಹೇಳಿ ಹೇಳಿ ನನ್ನ ಗಂಟಲು ಬಿದ್ದೋಯ್ತು," ಎಂದಳು. "ಇವನಿಂದ ಹರಡೋ ಕಾಲ ಮುಗಿದು ನಾಲ್ಕು ತಿಂಗಳಾಯ್ತು. ಲೋಟ ತಟ್ಟೆಯಿಂದ ಇದು ಹರಡೋದೂ ಇಲ್ಲ. ಬಿಯರ್ ಮಾತ್ರ ಕುಡೀಬೇಡ ಅಂದಿದ್ದೆ, ಮಾತ್ರೆ ಮುಗಿಯೋವರೆಗೆ. ಕೇಳಬೇಕಲ್ಲ ಗಂಡಸರು!"

ನೆಲಿದಾಳಿಗೆ ನಗು ಬಂತು. ಅದರ ಹಿಂದೆಯೇ ಅಳು ಬಂತು. ಎರಡನ್ನೂ ಒಟ್ಟಿಗೆ ಮಾಡಿದಳು.

*

"ಬಾ, ಊಟಕ್ಕೆ ಹೋಗೋಣ," ಎಂದಳು ಕಾರ್ಡು ಕೈಗೆ ಬಂದ ಮೇಲೆ. "ಎಲ್ಲರ ಎದುರು ನಿನ್ನ ಬೈದೆ. ಎಲ್ಲರ ಎದುರೇ ತಪ್ಪಾಯ್ತು ಅನ್ನಬೇಕು ನಾನು."

ಒಂದೂ ಹತ್ತು. ಹೋಟೆಲು ತುಂಬಿತ್ತು.

"ಬಂದ್ಯಾ ಸಣಕಲಾ!" ತಿಯೋಫಿಲೊ ತೋಳು ಚಾಚಿದ.

"ಅವತ್ತು ನಾನು ಮಾತಾಡಿದ್ದು ತಪ್ಪು," ನೆಲಿದಾ ಗಟ್ಟಿಯಾಗಿ ಹೇಳಿದಳು. "ಇವನು—"

ಪೆರ್ಸಿ ಅವಳ ಮೊಣಕೈ ಮುಟ್ಟಿ ತಡೆದ. "ನಾನೇ ಹೇಳ್ತೀನಿ. ನಂಗೆ ಕ್ಷಯ ಬಂದಿತ್ತು, ದೊನ್ಯಾ. ಶುಕ್ರವಾರಕ್ಕೆ ಔಷಧಿ ಮುಗಿಯುತ್ತೆ. ನನ್ನಿಂದ ಯಾರಿಗೂ ಅಪಾಯ ಇಲ್ಲ. ಅವತ್ತು ಲೋಟ ಮುಟ್ಟಲಿಲ್ಲ, ಕಾರಣ ಇಷ್ಟೇ."

ಚಮಚಗಳ ಸದ್ದು ನಿಂತಿತು. ತಿಯೋಫಿಲೊನ ತೋಳು ನಿಧಾನವಾಗಿ ಕೆಳಗಿಳಿದು ತಟ್ಟೆಯನ್ನು ತನ್ನ ಹತ್ತಿರಕ್ಕೆ ಎಳೆದುಕೊಂಡಿತು.

ಎರ್ಮಿನಿಯಾ ಕೈ ಒರೆಸಿಕೊಂಡಳು. ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಂಡಳು.

"ವಾಸಿಯಾಯ್ತಲ್ಲ, ಒಳ್ಳೇದಾಯ್ತಪ್ಪ... ರಾಣಿ, ಊಟ ಕಟ್ಟಿಕೊಡ್ಲಾ?"

ಎರಡು ವರ್ಷದಲ್ಲಿ ನೆಲಿದಾ ಆ ಮಾತು ಕೇಳಿದ್ದು ಅದೇ ಮೊದಲು.

"ಇಲ್ಲೇ ಕೂರ್ತೀವಿ, ದೊನ್ಯಾ."

"ನಂಗೇನೂ ಇಲ್ಲ, ನಿನ್ನಾಣೆ. ಆದ್ರೆ ಜನ ಇದಾರಲ್ಲ. ನಂದು ಇರೋದೇ ಆರು ಮೇಜು..." ಅವಳ ಕಣ್ಣಲ್ಲಿ ನೀರಿತ್ತು. "ನೀನು ಮಾತ್ರ ದಿನಾ ಬಾ, ರಾಣಿ. ನಿನ್ನ ಜಾಗ ನಿಂದೇ."

ನೆಲಿದಾ ಹೋಟೆಲನ್ನೊಮ್ಮೆ ಸುತ್ತ ನೋಡಿದಳು. ಇಡೀ ಊರಿನಲ್ಲಿ ಅವಳನ್ನು ಬಾ ಬಾ ಎಂದು ಒಳಗೆ ಕರೆಯುವ ಜಾಗ ಅದೊಂದೇ. ಎರ್ಮಿನಿಯಾ ಕೆಟ್ಟವಳಲ್ಲ. ಹೆದರಿದವಳು, ಅಷ್ಟೇ.

"ಕಟ್ಟಿಕೊಡಿ," ಎಂದಳು. "ಎರಡು ಫೋರ್ಕ್ ಹಾಕಿ."

*

ಬೀದಿ ಕೊನೆಯಾಗುವಲ್ಲಿ ಕಡಿದಾದ ದಿಬ್ಬ. ಅದರ ಕೆಳಗೆ ಸಮುದ್ರ. ಇಬ್ಬರೂ ಕಲ್ಲುಬೆಂಚಿನ ಮೇಲೆ ಕೂತರು. ಅಲೆಗಳು ಹಿಂದೆ ಸರಿದಾಗ ದಡದ ಉರುಟು ಕಲ್ಲುಗಳು ಒಟ್ಟಿಗೆ ಉರುಳುವ ಸದ್ದು ಮೇಲಕ್ಕೆ ಬರುತ್ತಿತ್ತು, ನಿದ್ದೆಯಲ್ಲಿ ಯಾರೋ ಮಾತಾಡಿದ ಹಾಗೆ. ನೀರಿನ ಮೇಲಿನ ಬಿಸಿಲು ಕಣ್ಣು ಅರೆಮುಚ್ಚುವಷ್ಟು ಬೆಳ್ಳಗಿತ್ತು.

"ನನ್ನಿಂದ ನಿನ್ನ ಹೋಟೆಲು ಹೋಯ್ತು," ಎಂದ ಪೆರ್ಸಿ.

"ಹೌದು, ಹೋಯ್ತು."

"ವಾಪಸ್ ಹೋಗು. ನಿನ್ನ ಜಾಗ ಇದೆ ಅಂದ್ರಲ್ಲ."

"ಒಂದು ಕುರ್ಚಿ ಇದೆ ಅಂದ್ರು. ನಂಗೆ ಎರಡು ಬೇಕು."

ಅವನು ಡಬ್ಬಿ ತೆರೆಯಹೋದ. ಒಂದು ಫೋರ್ಕ್ ಜಾರಿ, ಬೆಂಚಿಗೆ ಬಡಿದು, ದಿಬ್ಬದ ಕೆಳಗೆ ಹೋಯಿತು. ಇಬ್ಬರೂ ಬಗ್ಗಿ ನೋಡಿದರು. ಅದು ಕಾಣಿಸಲಿಲ್ಲ.

"ನೀನು ತಿನ್ನು," ಎಂದ. "ನಾನು ಆಮೇಲೆ..."

ಅವಳು ಒಂದು ತುತ್ತು ತಿಂದಳು. ಅದೇ ಫೋರ್ಕಿನಲ್ಲಿ ಇನ್ನೊಂದು ತುತ್ತು ತೆಗೆದು ಅವನ ಬಾಯಿಯ ಮುಂದೆ ಹಿಡಿದಳು. ಅವಸರಪಡಿಸಲಿಲ್ಲ.

ಅವನು ಬಹಳ ಹೊತ್ತು ಆ ತುತ್ತನ್ನೇ ನೋಡಿದ. ಆಮೇಲೆ ಬಾಯಿ ತೆರೆದ.

"ನಾಲಿಗೆ ಎತ್ತು," ಎಂದಳು ನೆಲಿದಾ. "ಹ್ಞೂಂ, ನುಂಗಿದೀಯ."

ಅವನು ನಕ್ಕ. ನಗುತ್ತಾ ಕಣ್ಣೊರೆಸಿಕೊಂಡ. "ಜುಲೈಯಿಂದ ಇಷ್ಟ ಕಣೇ ನೀನಂದ್ರೆ. ಎರಡನೇ ಸಲ ಕಿಟಕಿ ಮುಚ್ಚಿದ್ಯಲ್ಲ, ಆಗಿಂದ."

"ಇಷ್ಟು ತಡವಾಗಿಯಾ ಹೇಳೋದು?"

"ಆರು ತಿಂಗಳ ಔಷಧಿ. ನಾನೇನು ಮಾಡ್ಲಿ?"

"ನಾಳೆ ಮಂಗಳವಾರ. ಎಲ್ಲಿ ಊಟ?"

"ನಮ್ಮ ಗುಡ್ಡದ ಕಡೆ ಒಂದು ಹೋಟೆಲಿದೆ. ಮೀನು ಅಷ್ಟಕ್ಕಷ್ಟೆ. ಎರಡು ಗಂಟೆ ಬಸ್ಸು."

"ಸೀಟು ಇರುತ್ತಾ?"

"ಇಲ್ಲ. ನಿಂತ್ಕೊಂಡೇ ಬರಬೇಕು."

"ಬರ್ತೀನಿ," ಎಂದಳು.

ಒಟ್ಟು ಕಳೆದುಹೋದದ್ದು ಇಷ್ಟು: ಹನ್ನೆರಡು ಮಧ್ಯಾಹ್ನದ ಊಟ, ಒಂದು ಹೋಟೆಲು, ಒಂದು ಪ್ಲಾಸ್ಟಿಕ್ ಫೋರ್ಕು.