ಡಬ್ಬಾ ಸೇನೆಯ ಸೇನಾಪತಿ

ಸುಗರಾ ಹತ್ತನೆಯ ಡಬ್ಬಾವನ್ನು ಕಾಲಿನಿಂದ ಒಂದು ಗೇಣು ಮುಂದೆ ತಳ್ಳಿದಳು. ಹನ್ನೊಂದನೆಯದನ್ನೂ ತಳ್ಳಿದಳು. ಆಮೇಲೆ ಕಟ್ಟೆಯ ಮೇಲೆ ಕೂತು ನೋಟ್‌ಬುಕ್ಕಿನಲ್ಲಿ ಬರೆದಳು: 'ಮಂಗಳ ಗ್ರಹದ ಸೇನೆ ಒಂದು ಹೆಜ್ಜೆ ಮುಂದೆ ಸರಿಯಿತು.'

ಹನ್ನೊಂದು ಖೋಲಿಗಳಿಗೂ ಒಂದೇ ನಳವಿದ್ದ ಕುರ್ಲಾದ ಆ ಚಾಳಿನಲ್ಲಿ ಬೆಳಿಗ್ಗೆ ನೀರಿಗೆ ಮನುಷ್ಯರು ನಿಲ್ಲುತ್ತಿರಲಿಲ್ಲ, ಡಬ್ಬಾಗಳು ನಿಲ್ಲುತ್ತಿದ್ದವು. ಡಬ್ಬಾ ಇಟ್ಟು ಹೋದರೆ ಜಾಗ ಗಟ್ಟಿ. ಅವನ್ನು ಕಾಯುವುದು, ಒಂದು ತುಂಬಿದ ಕೂಡಲೇ ಉಳಿದವನ್ನು ಮುಂದೆ ತಳ್ಳುವುದು ಸುಗರಾಳ ಕೆಲಸ. ನಳದ ಪೈಪು ತುಕ್ಕು ಹಿಡಿದು ನೀರು ದಾರದಷ್ಟು ಸಣ್ಣಗೆ ಬರುತ್ತಿತ್ತು. ಒಂದು ಡಬ್ಬಾ ತುಂಬುವುದರಲ್ಲಿ ಎರಡು ಪುಟ ಬರೆಯಬಹುದಿತ್ತು.

ಚಂದ್ರನ ಮೇಲೆ ಮನುಷ್ಯ ಇಳಿದು ಆಗ ಮೂರು ವರ್ಷ. ಸುಗರಾಳ ಕಾದಂಬರಿ ಅದಕ್ಕೂ ಆಚೆಗಿನದು. ಮಂಗಳ ಗ್ರಹದಲ್ಲಿ ಯುದ್ಧ. ಸೈನಿಕರೆಂದರೆ ಈ ಡಬ್ಬಾಗಳೇ. ಅವರ ಚಕ್ರವರ್ತಿ ಒಂದು ದೊಡ್ಡ ಕೊಳವೆಯೊಳಗೆ ಇದ್ದಾನೆ. 'ಬರುತ್ತೇನೆ, ಕಾಯಿರಿ' ಎಂದು ಮಾತು ಕೊಟ್ಟಿದ್ದಾನೆ. ಮೈಮೇಲೆ ಬಾಂಬು ಬಿದ್ದರೂ ಸಾಲು ಬಿಡುವಂತಿಲ್ಲ. 'ಯಾವಾಗ ಬರುತ್ತೀರಿ?' ಎಂದು ಕೇಳಿದವನು ಪಾಖಂಡಿ. ಪಾಖಂಡಿಯನ್ನು ಅಂತರಿಕ್ಷಕ್ಕೆ ಒಗೆಯುತ್ತಾರೆ.

ದಿನಾ ಬರೆದದ್ದನ್ನು ಅವಳು ಅಲ್ಲೇ ಓದಿ ಹೇಳುತ್ತಿದ್ದಳು. ಅದರಿಂದಲೇ ತಂಟೆ ಶುರುವಾಗಿತ್ತು.

"ಏ ಸುಗರಾ!" ಐದನೆಯ ಖೋಲಿಯ ಸುಂದ್ರವ್ವ ಸೆರಗು ಸಿಕ್ಕಿಸಿಕೊಂಡು ಬಂದಳು. "ನಿನ್ನೆ ನಮ್ಮ ಡಬ್ಬಾ ಪಾಖಂಡಿ ಆತಂತ?"

"ಹೂಂ ಮೌಶಿ. ಪ್ರಶ್ನೆ ಕೇಳ್ತು."

"ನಮ್ಮ ಡಬ್ಬಾನ? ಆರು ವರ್ಷದಾಗ ಒಂದು ದಿನ ಸೋರಿಲ್ಲ ಅದು! ನಮ್ಮ ಮನೆತನದಾಗ ಅಂಥಾವ್ರು ಯಾರೂ ಇಲ್ಲ. ಬೇಕಾದ್ರ ನಿಂಗಣ್ಣನ ಸೊಟ್ಟ ಡಬ್ಬಾನ್ನ ಮಾಡು."

"ಅದು ಮೊನ್ನೆನ ಆತು ಮೌಶಿ."

ಮಿಲ್ಲಿನ ನಿಂಗಣ್ಣ ಹಲ್ಲುಜ್ಜುತ್ತ ಅಲ್ಲೇ ನಿಂತಿದ್ದ. "ಚಿಂತಿ ಮಾಡಬ್ಯಾಡ ಅಕ್ಕಾ. ನಾವಿಬ್ರೂ ಅಂತರಿಕ್ಷದಾಗ ಅದೀವಿ. ಅಲ್ಲಿ ನೀರಿನ ಲೈನ್ ಇಲ್ಲ, ಆರಾಮ ಐತಿ."

ಎಲ್ಲರೂ ನಕ್ಕರು. ಸುಗರಾ ನಗಲಿಲ್ಲ. ನಿನ್ನೆ ನೀಲಾಬಾಯಿ ಟೀಚರ್ ಹೇಳಿದ್ದರು, "ಇನ್ನೊಮ್ಮೆ ಲೇಟಾದ್ರೆ ಸ್ಕಾಲರ್‌ಶಿಪ್ ಪರೀಕ್ಷೆ ಲಿಸ್ಟಿನಿಂದ ನಿನ್ನ ಹೆಸರು ತೆಗೀತೀನಿ." ಪೈಪು ಬದಲಾಗದೆ ಸಾಲು ಬೇಗ ಮುಗಿಯುವುದಿಲ್ಲ. ಮಲಾಡಿನಲ್ಲಿರುವ ಚಾಳಿನ ಮಾಲೀಕ ಶೇಠರು 'ಮುಂದಿನ ತಿಂಗಳು ಹೊಸ ಪೈಪು' ಎಂದು ಹೇಳಿ ಎರಡು ವರ್ಷವಾಗಿತ್ತು.

ಹೋದ ದಸರೆಗೇ ಶೇಠರಿಗೆ ಕಾಗದ ಬರೆದಾಗಿತ್ತು. ಶಾಲೆಯಲ್ಲಿ ಕಲಿತ ಹಿಂದಿಯಲ್ಲಿ ಸುಗರಾಳೇ ಬರೆದಿದ್ದಳು. ಲಕೋಟೆಗೆ ಅಂಚೆಚೀಟಿ ಕೂಡ ಹಚ್ಚಿದ್ದರು. ಹತ್ತು ಖೋಲಿಯವರ ಸಹಿ, ಹೆಬ್ಬೆಟ್ಟು ಎಲ್ಲ ಇತ್ತು. ಇಲ್ಲದ್ದು ಒಂದೇ, ಮೊದಲನೆಯ ಖೋಲಿಯ ಅಣವೀರಪ್ಪನದು. ಶೇಠರಿಗೆ ಗುರುತಿದ್ದವನು ಅವನೊಬ್ಬನೇ. ಇಪ್ಪತ್ತು ವರ್ಷ ಅವರ ಬಂಗಲೆಯ ವಾಚ್‌ಮನ್ ಆಗಿದ್ದವನು. ಸಹಿಗೆಂದು ಕೊಟ್ಟ ಕಾಗದ ಇಸಿದುಕೊಂಡು, ಸಹಿ ಹಾಕದೆ ಟ್ರಂಕಿನಲ್ಲಿ ಇಟ್ಟುಬಿಟ್ಟಿದ್ದ.

"ಶೇಠರು ಮಾತು ಕೊಟ್ಟಾರ. ಕೊಟ್ಟ ಮಾತು ತಿರುಗಿ ಕೇಳಿದ್ರ ಅವರಿಗೆ ಅವಮಾನ ಮಾಡಿದಂಗ" ಎನ್ನುತ್ತಿದ್ದ.

ಆದರೆ ಕತೆ ಕೇಳಲು ಅವನು ಒಂದು ದಿನವೂ ತಪ್ಪಿಸುತ್ತಿರಲಿಲ್ಲ. ಕತೆಯಲ್ಲಿ ಅವನ ಡಬ್ಬಾನೇ ಸೇನಾಪತಿ. ದಿನಾ ಬಂದು ಅದಕ್ಕೊಂದು ಸಲಾಮು ಹೊಡೆದೇ ಕೂರುತ್ತಿದ್ದ. ಇವತ್ತೂ ಹೊಡೆದ.

"ಸೇನಾಪತಿ ಏನ್ ಮಾಡಾಕತ್ತಾನ ಬೇಟಿ?"

"ಕಾಯಾಕತ್ತಾನ ಕಾಕಾ."

"ಶಾಬಾಶ್! ಎಷ್ಟು ದಿನ ಆತು?"

ಸುಗರಾ ಪುಟ ತಿರುವಿದಳು. "ಎಂಟು ನೂರು ವರ್ಷ."

"ಊಟ?"

"ಇಲ್ಲ."

"ನೀರು?"

"ಅದಕ್ಕ ಕಾಯಾಕತ್ತಾನ."

ಅಣವೀರಪ್ಪ ಮೀಸೆ ತೀಡಿದ. "ಅಲ್ಲಾ, ಒಮ್ಮಿ ಆ ಕೊಳವಿ ತಟ್ಟಿದ್ರ ಏನಾಗ್ತೈತಿ?"

"ತಟ್ಟಿದ್ರ ಪಾಖಂಡಿ."

"ಸಾವಕಾಶ ತಟ್ಟಲಿ. ಎರಡು ಬೆರಳಿಂದ."

"ಸಾವಕಾಶ ತಟ್ಟಿದವ ಸಣ್ಣ ಪಾಖಂಡಿ ಕಾಕಾ. ಅಷ್ಟ ಫರಕು."

"ತಟ್ಟಬಾರ್ದು!" ಸುಂದ್ರವ್ವ ಕೂಗಿದಳು. "ನಮ್ಮ ಡಬ್ಬಾಕ್ಕೊಂದು ಕಾಯ್ದೆ, ಸೇನಾಪತಿಗೊಂದು ಕಾಯ್ದೆ?"

ಅಣವೀರಪ್ಪ ಎದ್ದೇ ನಿಂತ. "ಅವ ಏನು ಜಗಳಕ್ಕ ತಟ್ಟತಾನೇನವಾ? ಒಳಗ ಚಕ್ರವರ್ತಿಗೆ ಏನರ ಆಗಿದ್ರ? ಜ್ವರ ಬಂದಿದ್ರ? ಎಂಟು ನೂರು ವರ್ಷ ಬಾಗಲದಾಗ ಸೆಟೆದು ನಿಂತವ, ಒಂದು ಸಲನೂ 'ಧಣಿ, ಹ್ಯಾಂಗದೀರಿ, ಬರ್ತೀರೇನು' ಅಂತ ಕೇಳ್ಲಿಲ್ಲ ಅಂದ್ರ ಅದೆಂಥಾ ನಿಷ್ಠಿ?"

ನಿಂಗಣ್ಣನ ಬೆರಳು ಬಾಯಲ್ಲೇ ನಿಂತಿತು. ಡಬ್ಬಾದೊಳಗೆ ನೀರಿನ ದಾರ ಸಣ್ಣಗೆ ಸದ್ದು ಮಾಡುತ್ತಿತ್ತು.

ತಾನು ಏನು ಹೇಳಿದೆ ಎಂಬುದು ಅಣವೀರಪ್ಪನಿಗೆ ತಡವಾಗಿ ಕೇಳಿಸಿದಂತಿತ್ತು. ಮೆಲ್ಲಗೆ ಕೂತುಕೊಂಡ. ಆಮೇಲೆ ಎದ್ದು ತನ್ನ ಖೋಲಿಗೆ ಹೋದ. ಬರುವಾಗ ಕೈಯಲ್ಲಿ ಡಾಂಬರುಗುಳಿಗೆ ವಾಸನೆಯ ಆ ಲಕೋಟೆಯಿತ್ತು.

"ಎಲ್ಲಿ ಬರೀಲಿ?"

ಸುಗರಾ ಜಾಗ ತೋರಿಸಿದಳು. 'ಅಣ' ಎಂದು ಬರೆದು ಅವನು ಪೆನ್ನು ಎತ್ತಿದ. "ಮೊದ್ಲು ಮ್ಯಾಲೆ ಒಂದು ಸಾಲು ಹಾಕು. ಶೇಠರು ಆರಾಮ ಅದಾರೇನು ಅಂತ ಕೇಳು. ಪೈಪಿನ ಮಾತು ಆಮೇಲೆ."

ಅವಳು ಹಾಕಿದಳು. ಅವನು ಉಳಿದ ಅಕ್ಷರಗಳನ್ನು ಒಂದೊಂದಾಗಿ ಬರೆದು ಮುಗಿಸಿ ಲಕೋಟೆ ಅಂಟಿಸಿದ.

"ಹೋಗು, ಲೈನ್ ನಾ ನೋಡ್ತೀನಿ" ಎಂದಳು ಸುಂದ್ರವ್ವ. ಸುಗರಾ ಪಾಟೀಚೀಲ ಹೆಗಲಿಗೆ ಹಾಕಿ ಹೊರಟಳು. ಅಣವೀರಪ್ಪನೂ ಜೊತೆಗೆ ಬಂದ. ಟಪಾಲು ಡಬ್ಬಿ ಸ್ಟೇಷನ್ನಿನ ರಸ್ತೆಯಲ್ಲಿತ್ತು, ಶಾಲೆ ಅದರ ಮುಂದೆ.

ಅವನು ಲಕೋಟೆಯನ್ನು ಡಬ್ಬಿಯ ಬಾಯಿಗೆ ಹಿಡಿದ. ಅರ್ಧ ಒಳಗೆ ಹೋಯಿತು. ಕೈ ಬಿಡಲಿಲ್ಲ.

ಶಾಲೆಯ ಮೊದಲ ಗಂಟೆ ಹೊಡೆಯಿತು. 'ಬಿಡು ಕಾಕಾ' ಎನ್ನಲು ಸುಗರಾ ಬಾಯಿ ತೆರೆದಳು. ಅವನು ಬಗ್ಗಿ ಡಬ್ಬಿಯ ಕತ್ತಲೆಯೊಳಗೆ ಇಣುಕುತ್ತಿದ್ದ. ಕಾಕಾನಿಗೆ ಶೇಠರು ಬೈಯುತ್ತಾರೆಂಬ ಹೆದರಿಕೆ ಎಂದೇ ಅವಳು ಇಷ್ಟು ದಿನ ತಿಳಿದಿದ್ದಳು. ಅದಲ್ಲ. ಅವನು ಹೆದರಿದ್ದು, ಕಾಗದ ಮುಟ್ಟಿದ ಮೇಲೂ ಆ ಕಡೆಯಿಂದ ಏನೂ ಬರದಿದ್ದರೆ ಎಂದು.

ಅವಳು ಶಾಲೆಯ ಕಡೆ ಓಡದೆ ಅವನ ಪಕ್ಕದಲ್ಲೇ ನಿಂತಳು.

ಒಂದು ಲೋಕಲ್ ರೈಲು ಧಡಧಡನೆ ಹೋಯಿತು. ಅದರ ಸದ್ದು ಅಡಗಿದ ಮೇಲೆ, ಲಕೋಟೆ ಡಬ್ಬಿಯ ತಳಕ್ಕೆ ಬಿದ್ದದ್ದು ಇಬ್ಬರಿಗೂ ಕೇಳಿಸಿತು.