ನನ್ನ ಬೀಗ

ಮಧ್ಯಾಹ್ನ ಎರಡು ಹತ್ತಕ್ಕೆ, ನನ್ನ ಕೈ ಒಳಗಿದ್ದಾಗಲೇ, ನಿಲ್ಲಿಸಿದ್ದ, ತಗಡು ಒತ್ತುವ ಪ್ರೆಸ್ ಮಷಿನ್ನಿನ ಅಚ್ಚು ಕೆಳಗಿಳಿಯಿತು.

ನಾನು ಕಾರ್ಖಾನೆಯ ಸುರಕ್ಷತಾ ಅಧಿಕಾರಿ. ಹಿಂದಿನ ತಿಂಗಳು ಇದೇ ಪ್ರೆಸ್ಸಿಗೆ ಸಿಕ್ಕಿ ಸತ್ತ ಫಿಟ್ಟರ್, ರಿಪೇರಿ ವೇಳೆ ಯಾರೂ ಆನ್ ಮಾಡದಂತೆ ಮೇನ್ ಸ್ವಿಚ್ಚಿಗೆ ಹಾಕಬೇಕಾದ ಬೀಗ ಹಾಕಿರಲಿಲ್ಲವೆಂದು ವರದಿ ಬರೆದವನು ನಾನೇ. ಅವನು ಹಾಕಿದ್ದ. ಕೆಲಸ ನಿಲ್ಲಬಾರದೆಂದು ಸೂಪರ್‌ವೈಸರ್ ಅದನ್ನು ಕತ್ತರಿಸಿ ಮಷಿನ್ ಓಡಿಸಿದ್ದು ನನಗೆ ಗೊತ್ತಿತ್ತು.

ಈ ಸಲ ತಪಾಸಣೆಗೆಂದು ಸ್ವಿಚ್ ಆರಿಸಿ, ನನ್ನ ಬೀಗ ಹಾಕಿ, ಎರಡು ಸಲ ಎಳೆದು ನೋಡಿದ್ದೆ. ಕೀಲಿಕೈ ಜೇಬಿನಲ್ಲಿತ್ತು. ಸೂಪರ್‌ವೈಸರ್ ನನ್ನೆದುರೇ ಕೈಕಟ್ಟಿ ನಿಂತಿದ್ದ.

“ಬೇಗ ಮುಗಿಸಿ ಸಾರ್. ಅದಕ್ಕೇನು ಕಚಗುಳಿ ಇಡ್ತಿದ್ದೀರಾ?”

ಹಿಂದಿನ ದಿನದಿಂದ ನಿಂತಿದ್ದ ಮಷಿನ್ನಿನ ಕಬ್ಬಿಣ ಮನುಷ್ಯರ ಮೈಯಷ್ಟು ಬೆಚ್ಚಗಿತ್ತು. ಹಿಂದೆಲ್ಲೋ ‘ಟಕ್’ ಎಂದಿತು. ಮೋಟಾರು ಗುರುಗುಟ್ಟಿತು. ನಾನು ಕೈ ಎಳೆದುಕೊಂಡೆ. ಗ್ಲೌಸ್ ಅಚ್ಚಿನಡಿ ಅಪ್ಪಚ್ಚಿಯಾಯಿತು.

“ಯಾರ್ರೀ ಅದು ಸ್ವಿಚ್ ಹತ್ರ?” ಸೂಪರ್‌ವೈಸರ್ ಕೂಗಿದ.

ಅಲ್ಲಿ ಯಾರೂ ಇರಲಿಲ್ಲ. ನನ್ನ ಬೀಗ ತುಂಡಾಗಿ ನೆಲದ ಮೇಲೆ ಬಿದ್ದಿತ್ತು.

ಅದೇ ಸಂಜೆ ನಿಜ ಬರೆದು ವರದಿ ತಿದ್ದಿದೆ. ಸೂಪರ್‌ವೈಸರನ ಕೆಲಸ ಹೋಯಿತು. ಆಮೇಲೂ ಆ ಸ್ವಿಚ್ಚಿಗೆ ನಾನು ಹಾಕಿದ ಮೂರು ಬೀಗಗಳು ತುಂಡಾಗಿವೆ. ಬೇರೆಯವರು ಹಾಕಿದ ಬೀಗ ಒಂದೂ ತುಂಡಾಗಿಲ್ಲ.